ಇವತ್ತಿನ ಮಟ್ಟಿಗೆ

ನಮ್ಮತ್ತೆ ಹಾಲಮ್ಮನಿಗೆ ಹೊಸದು ಅಂದರೆ ಗುಮಾನಿ.
ಅಂಗಡಿಯಿಂದ ಬಂದ ಸಾಮಾನು ಮೂರು ದಿನ
ಹಗೇವಿನ ಕಲ್ಲಿನ ಮೇಲೆ ಕೂತು ಬಿಸಿಲು ಕಾಯಬೇಕು,
ಎಲ್ಲಾದರೂ ಒಂದು ಕಡೆ ಮುರಿಯಬೇಕು,
ಅವಳ ಕೈಯಲ್ಲಿ ತಂತಿ ಸುತ್ತಿಸಿಕೊಳ್ಳಬೇಕು.
ಆಮೇಲೆ ಅದು ಮನೆಯದು.

ಅಣಜಿ ದಾಟಿ ಎಡಕ್ಕೆ ಹೊರಳಿದರೆ ನಮ್ಮ ಹೊಲ.
ಮೆಕ್ಕೆಜೋಳದ ಸಾಲಿನ ನಡುವೆ
ಸೈಕಲ್ಲಿನ ಮುಂದಿನ ಗಾಲಿ ಒಂಟಿಯಾಗಿ ಉರುಳುತ್ತದೆ,
ಹಿಂದೆ ಎಡೆಕುಂಟೆಯ ಕುಡ, ಅದರ ಹಿಂದೆ ನಾನು.
ನನ್ನ ಗಂಡ ಹೈಸ್ಕೂಲಿಗೆ ತುಳಿದ ಸೈಕಲ್ಲು ಅದು.
ಸೀಟು ಹೋಯಿತು, ಪೆಡಲು ಹೋಯಿತು,
ಬೆಲ್ಲು ಬಿಚ್ಚಲು ಮಾತ್ರ ಅತ್ತೆ ಒಪ್ಪಲಿಲ್ಲ.
ಸಾಲಿನ ತುದಿಯಲ್ಲಿ ತಿರುಗುವಾಗ
ಒಮ್ಮೊಮ್ಮೆ ಬಾರಿಸುತ್ತೇನೆ,
ದಾರಿ ಬಿಡಬೇಕಾದವರು ಯಾರೂ ಇಲ್ಲದಿದ್ದರೂ.

ಏನು ಕೆಟ್ಟರೂ ಅವಳದೊಂದೇ ಮಾತು:
"ಇವತ್ತಿನ ಮಟ್ಟಿಗೆ ನಡೀಲಿ."
ಇವತ್ತಿನ ಮಟ್ಟಿಗೆ ವಾಲ್ವಿಗೆ ಸುತ್ತಿದ ಟ್ಯೂಬು
ನಾನು ಈ ಮನೆಗೆ ಬರುವುದಕ್ಕೂ ಮೊದಲಿನದು.
ಹರಿದ ಚಪ್ಪಲಿ ಕುಯ್ದು ಕೊಟ್ಟಿಗೆ ಬಾಗಿಲಿಗೆ ಬಡಿದ ಕೀಲು
ಎರಡು ಎಮ್ಮೆ, ಐದು ಕರು ಕಂಡಿದೆ.
ಔಷಧಿ ಹೊಡೆಯುವ ಡ್ರಮ್ಮಿನ ಪಟ್ಟಿ ಕಿತ್ತ ದಿನ
ನನ್ನ ಮದುವೆ ಲಂಗದ ಲಾಡಿ ಎಳೆದೇ ಬಿಟ್ಟಳು,
"ಕಾಣೋದೇನೈತಿ ಅದರಾಗೆ, ಬೇರೇದು ಪೋಣಿಸ್ಕೋ."
ಎರಡು ದಿನ ಮಾತು ಬಿಟ್ಟೆ.
ಲಾಡಿ ಈಗಲೂ ನನ್ನ ಹೆಗಲ ಮೇಲೇ ಇದೆ.

ವೆಲ್ಡಿಂಗ್ ಅಂಗಡಿಯ ದಾದಾಪೀರ
ಅವಳನ್ನು ಕಂಡರೆ ಎದ್ದು ನಿಲ್ಲುತ್ತಾನೆ,
ಗೌರವಕ್ಕೋ, ಇದ್ದ ಗುಜರಿ ಕಾಯುವುದಕ್ಕೋ.
ಅವನ ರಾಶಿಯನ್ನು ಕೋಳಿಯ ಹಾಗೆ ಕೆದರಿ
ಟೇಬಲ್ ಫ್ಯಾನಿನ ರೆಕ್ಕೆ ಆರಿಸಿ ತಂದಳು.
ರೆಕ್ಕೆಯ ಬೆನ್ನಿಗೆ ಎರಡು ನಟ್ಟು, ಎದುರಿಗೆ ಒಂದು ತಾಟು.
ಗಾಳಿ ಬಂದರೆ ಟಣ್, ಟಣ್, ಟಣ್.
ಗಿಳಿಗಳು ನಾಲ್ಕು ದಿನ ಬೆದರಿದವು.
ಐದನೇ ದಿನ ಒಂದು ಬಂದು
ತಾಟಿನ ಅಂಚಿಗೇ ಕೂತು ಕಾಳು ಬಿಡಿಸತೊಡಗಿತು.
ತಾಟಿನ ಹಿಂದೆ ಕೊರೆದಿದ್ದು ಮಾವನ ಹೆಸರು,
ಅವರು ಹೋದ ಮೇಲೆ ಯಾರೂ ಉಂಡಿರಲಿಲ್ಲ ಅದರಲ್ಲಿ.
ನಾನು ಕಲ್ಲೆತ್ತಿದೆ.
"ಬಿಡು, ಉಣ್ಲಿ. ಉಣ್ಣೋ ತಾಟೇ ಅಲ್ಲೇನು."

ಮೂರು ಫೇಸು ಬರುವುದು ರಾತ್ರಿ, ಅದರ ಮರ್ಜಿ ಬಂದಾಗ.
ಮೋಟರು ಮನೆಯ ಕಂಬಕ್ಕೆ ಕೆಂಪು ಬಲ್ಬು ಕಟ್ಟಿದ್ದಾಳೆ,
ಮಲಗಿದಲ್ಲಿಂದಲೇ ಕಿಟಕಿಯಲ್ಲಿ ಕಾಣುವಂತೆ.
ಆದರೆ ಹೋದ ವರ್ಷ ಅವಳ ಕಣ್ಣಿಗೆ ಪೊರೆ ಕಟ್ಟಿ,
ಆಪರೇಷನ್ನಾಗಿ, ಪಟ್ಟಿ ಬಿಚ್ಚುವವರೆಗೆ
ತಾಸಿಗೊಮ್ಮೆ ನನ್ನ ಮೊಣಕೈ ತಿವಿದು,
"ಹತ್ತೈತೇನು?"
"ಇಲ್ಲ ಅತ್ತೆ."
"ಸರಿಯಾಗಿ ನೋಡಿದೇನು?"

ನಿದ್ದೆಗೆಟ್ಟ ಮೂರನೇ ದಿನ ನನಗೆ ರೇಗಿತು.
ಬಾಗಿಲಿನ ಕಾಲಿಂಗ್ ಬೆಲ್ಲು ಕಿತ್ತು ತಂದು,
ಗುಂಡಿ ಮೇಲೇಳದ ಹಾಗೆ ಬೆಂಕಿಕಡ್ಡಿ ಸಿಗಿಸಿ,
ಬಲ್ಬಿನ ತಂತಿಗೇ ಜೋಡಿಸಿ,
ತೂತು ಬಿದ್ದ ಹಿತ್ತಾಳೆ ಕೊಡದೊಳಗೆ ಇಳಿಬಿಟ್ಟೆ,
ಕೊಡದ ಬಾಯಿ ಮನೆಯ ಕಡೆಗೆ.

ಆ ರಾತ್ರಿ ಎರಡೂವರೆಗೆ
ಹೊಲದ ನಡುವೆ ಗುಬ್ಬಿಯೊಂದು ಕೂಗಿತು. ನಿಲ್ಲಿಸಲೇ ಇಲ್ಲ.
ಊರಿನ ನಾಯಿಗಳೆಲ್ಲ ಎದ್ದವು.
ಅತ್ತೆ ಎದ್ದು ಕೂತಳು.
"ಯಾವ ಹಕ್ಕೀನೇ ಇದು, ಹೊತ್ತಲ್ಲದ ಹೊತ್ತಿನಾಗೆ?"
"ಕರೆಂಟು ಹಕ್ಕಿ, ಅತ್ತೆ."
ಅವಳು ತಲೆದಿಂಬಿನಡಿ ಎಲೆಯಡಿಕೆ ಚೀಲ ಹುಡುಕಿದಳು.

ಬೆಳಿಗ್ಗೆ ನನ್ನ ಭುಜ ಹಿಡಿದು ಕಂಬದವರೆಗೂ ಬಂದಳು.
ಕೊಡ ತಡವಿದಳು, ತಂತಿ ತಡವಿದಳು,
ನನ್ನ ಗಂಟು ಸಿಕ್ಕಿತು ಬೆರಳಿಗೆ.
ಬಿಚ್ಚಿದಳು. ಇನ್ನೊಂದು ಸುತ್ತು ಬಿಗಿದು ಕಟ್ಟಿದಳು.
ಒಂದು ಮಾತಿಲ್ಲ.

ಈಗ ಕಣ್ಣು ಚೆನ್ನಾಗಿ ಬಂದಿದೆ.
ಸೂಜಿಗೆ ದಾರ ತಾನೇ ಪೋಣಿಸುತ್ತಾಳೆ,
ಬಲ್ಬು ಹೊತ್ತಿದರೆ ನನಗಿಂತ ಮೊದಲು ಕಾಣುತ್ತಾಳೆ.
ಮೊನ್ನೆ ಕೇಳಿದೆ, ಬಾಗಿಲಿಗೆ ಬೆಲ್ಲು ಇಲ್ಲದೆ
ಬಂದವರು ಚಿಲಕ ಬಡಿಯುತ್ತಾರೆ, ಬಿಚ್ಚಿ ತರಲಾ?

ಜೋಳದ ತೆನೆ ಸುಲಿಯುತ್ತಿದ್ದಳು.
"ಬಡೀಲಿ ಬಿಡು," ಅಂದಳು.