ಕಹಿ ಗೊತ್ತಾದರೆ ಕೈ ಎತ್ತಿ

ಚಿಯಾತುರಾದ ಗಣಿಗೆ ಹೊಸ ಮಾಸ್ಕುಗಳು ಬಂದಾಗ
ಮುಖಗಳ ಅಳತೆ ನೋಡುವ ಕೆಲಸ ನನ್ನ ಪಾಲಿಗೆ ಬಿತ್ತು.
ಸಲಕರಣೆ ಹೆಚ್ಚೇನಿಲ್ಲ:
ತಲೆ ಮುಚ್ಚುವ ಬಿಳಿ ಚೀಲ, ಕಣ್ಣಿನೆದುರು ಅದಕ್ಕೊಂದು ಕಿಟಕಿ,
ಕಹಿನೀರು ತುಂಬಿದ ಪಿಚಕಾರಿ,
ಹೆಸರು ಬರೆಯಲು ಗೆರೆ ಹಾಕಿದ ಪುಸ್ತಕ.
ಮಾಸ್ಕು ಬಿಗಿದು, ಚೀಲ ಹೊದಿಸಿ, ಒಳಗೆ ಕಹಿ ಊದುತ್ತೇನೆ.
ನಾಲಿಗೆಗೆ ತಾಗಿತೋ, ಎಲ್ಲೋ ಸಂದಿ ಇದೆ ಎಂದರ್ಥ.
ಕಹಿ ನುಸುಳಿದಲ್ಲಿ
ಮ್ಯಾಂಗನೀಸಿನ ಧೂಳು ನುಸುಳದೆ ಇದ್ದೀತೇ.

ಇಪ್ಪತ್ತಾರು ಮಂದಿ ನಗುತ್ತಲೇ ಬಂದರು.
'ಇದರೊಳಗೆ ಸಿಗರೇಟು ಸೇದುವುದು ಹೇಗೆ, ಮಗಳೇ?'
'ಹೆಂಡತಿಗೂ ಒಂದು ಕೊಡು, ಬೈಗುಳ ಸೋಸಿ ಬರಲಿ.'
ಒಬ್ಬ ಹೆಲ್ಮೆಟ್ಟಿನ ತುಂಬ ಅಕ್ರೋಟು ತಂದು
ನನ್ನ ಮೇಜಿನ ಮೇಲೆ ಸುರಿದು ಹೋದ.

ಕೊನೆಗೆ ಗೋದೆರ್ಜಿ.
ಮಾತಿಲ್ಲ. ಎದೆಯವರೆಗೆ ಗಡ್ಡ.

ತಮ್ಮ ಜುಂಬೆರ್ ತೀರಿಕೊಂಡು ಏಳು ತಿಂಗಳು.
ಇಲ್ಲಿ ಸೂತಕದ ಗಂಡಸು ನಲವತ್ತು ದಿನ ಕ್ಷೌರದ ಕತ್ತಿ ಮುಟ್ಟುವುದಿಲ್ಲ.
ಇವನು ಒಂದು ವರ್ಷ ಎಂದಿದ್ದ,
ಹೊಳೆಯ ಮೇಲೆ ತೂಗಾಡುವ ಕೇಬಲ್ ಡಬ್ಬಿಯೊಳಗೆ, ಎಲ್ಲರ ಎದುರು.
ಆ ಡಬ್ಬಿ ನಡೆಸುತ್ತಿದ್ದವನು ನನ್ನಪ್ಪ. ನನಗೂ ಗೊತ್ತು.

ಜುಂಬೆರನ ಕೈ ಮೊದಲು ನಡುಗಿದ್ದು ಸಾರಿನ ಚಮಚದಲ್ಲಿ.
ಆಮೇಲೆ ಹಿಮ್ಮಡಿ ಊರಲಾಗದೆ ಹುಂಜದ ಹಾಗೆ ನಡೆದ.
ಮಕ್ಕಳು ಹಿಂದೆ ಕೂಗುತ್ತ ಹೋದವು,
ಆ ಮಕ್ಕಳಲ್ಲಿ ನಾನೂ ಒಬ್ಬಳು.
ಕೊನೆಕೊನೆಗೆ ಅವನ ಮುಖದಲ್ಲಿ ನಗು ಯಾವುದು ನೋವು ಯಾವುದು
ಹೆತ್ತವಳಿಗೂ ತಿಳಿಯುತ್ತಿರಲಿಲ್ಲ.
ಮಾಸ್ಕು ಕೊಡದ ಗಣಿ
ಅವನ ಚರ್ಮದಿಂದಲೇ ಒಂದನ್ನು ಹೊಲಿದುಕೊಟ್ಟಿತ್ತು.

'ಗಡ್ಡ ತೆಗೆಯಬೇಕು' ಅಂದೆ.
ಪುಸ್ತಕದ ಕಡೆ ನೋಡುತ್ತ ಅಂದೆ.
'ರಬ್ಬರು ಬರಿಯ ಚರ್ಮದ ಮೇಲೇ ಕೂರಬೇಕು,
ಒಂದು ದಿನದ ಕೂದಲಿದ್ದರೂ ಸಾಲದು...'
ಬಾಗಿಲು ಹಾಕಿಕೊಂಡು ಹೋದ.
ಸದ್ದಾಗದ ಹಾಗೆ ಹಾಕಿದ, ಅದೇ ಹೆಚ್ಚು ಕೇಳಿಸಿತು.

ಮೂರನೆಯ ದಿನ ಒಬ್ಬ ಅಪರಿಚಿತ ಬಂದು ನಿಂತ.
ಹಣೆ ಕಪ್ಪು, ಗಲ್ಲ ಹಸಿ ಬಟಾಟೆಯ ಬಿಳುಪು,
ಎರಡು ಕಡೆ ಗೀರು, ಒಂದರ ಮೇಲೆ ಪೇಪರಿನ ಚೂರು.
ಗಲ್ಲದಡಿ ಹಳೆಯ ಕಲೆ.
'ಜುಂಬೆರ್ ಎಸೆದ ಕಲ್ಲು. ಅವನಿಗಾಗ ಐದು ವರ್ಷ,'
ಎಂದ, ನಾನು ಕೇಳುವ ಮುಂಚೆ.
ದೊಡ್ಡ ಸೈಜು ತೆಗೆದಿಟ್ಟಿದ್ದೆ.
ಗಡ್ಡದ ಹಿಂದೆ ಇದ್ದದ್ದು ಸಣ್ಣ ಮುಖ.

ಚೀಲದೊಳಗೆ ಕಹಿ ಊದಿದೆ.
ತಲೆ ಎಡಕ್ಕೆ, ಬಲಕ್ಕೆ. ಮೇಲೆ, ಕೆಳಗೆ. ಬಗ್ಗಿ.
ಈಗ ಒಂದು ನಿಮಿಷ ಮಾತಾಡಿ, ಏನಾದರೂ.

ರಬ್ಬರಿನ ಹಿಂದಿನಿಂದ ಗುಂಯ್‌ಗುಟ್ಟುವ ದನಿ
ಹಬ್ಬದೂಟದಲ್ಲಿ ಹೋದವರ ಹೆಸರಿಗೆ ಎತ್ತುವ ಲೋಟದ ಮಾತು ಶುರು ಮಾಡಿತು.
ಲೋಟವಿಲ್ಲ. ಕೈ ಮಾತ್ರ ಹಿಡಿದಂತೆ ಇತ್ತು.
ತಾಯಿಯ ಬೇಲಿ, ಕದ್ದ ಪ್ಲಮ್ಮು, ಹೇಸರಗತ್ತೆಯ ಒದೆ,
ಸಾಲವಾಗಿ ಕೊಟ್ಟು ವಾಪಸು ಬಾರದ ಬೂಟು.
ನಿಮಿಷ ಮುಗಿಯಿತು. ನಾನು ಗಡಿಯಾರ ನೋಡಲಿಲ್ಲ.

'ಕಹಿ?'
ಕೈ ಎತ್ತಲಿಲ್ಲ.
ಪುಸ್ತಕದಲ್ಲಿ ಬರೆದೆ: ಸರಿ.

ವಾರದ ಕೊನೆಗೆ ಫಿಲ್ಟರುಗಳು ವಾಪಸು.
ಒಂದು ಮೈ ಬಿಳಿ, ಇನ್ನೊಂದು ಮೈ ಮಸಿ.
'ಇದೊಂದು ನನಗಿರಲಿ,' ಅಂದ, 'ಗುಡ್ಡಕ್ಕೆ ಒಯ್ಯಬೇಕು,
ಅವನಿಗೆ ತೋರಿಸಬೇಕು.'
ಕೊಡುವ ಹಾಗಿಲ್ಲ. ಮುಚ್ಚಳದ ಡಬ್ಬಿ, ಸೀಲು, ಲೆಕ್ಕ,
ನಿಯಮ ಅದೇ, ಗೋಡೆಗೆ ಅಂಟಿಸಿದವಳು ನಾನೇ.
ಪೆನ್ನು ಹುಡುಕಲು ಅತ್ತ ತಿರುಗಿದೆ.
ಪೆನ್ನು ಕಿವಿಯ ಮೇಲೆಯೇ ಇತ್ತು.

ಎಣಿಸಿದಾಗ ಐವತ್ತಮೂರು.
ಐವತ್ತನಾಲ್ಕು ಎಂದು ಬರೆದು ಸಹಿ ಹಾಕಿದೆ.