ಅಳತೆಗೆ ನಿಂತವನು

ಯಾಂಗೊನ್‌ನ ಪನ್ಸೋಡಾನ್ ಬೀದಿ, ಮೂರನೆಯ ಮಹಡಿ.
ಕರೆಂಟು ಇರುವಷ್ಟು ಹೊತ್ತು ನಾನು
ಗುಡಿಗಳನ್ನು ಮುದ್ರಿಸುತ್ತೇನೆ.

ಬಗಾನಿನ ಒಂದು ಗುಡಿಗೆ ನಲವತ್ತು ನಿಮಿಷ.
ಹತ್ತಿಯ ಕಾಗದ, ಏಳು ಬಗೆಯ ಬೂದು ಶಾಯಿ.
ಮೊದಲು ಶಿಖರದ ಛತ್ರಿ,
ಆಮೇಲೆ ಮಜಲು ಮಜಲಾಗಿ ಇಟ್ಟಿಗೆ,
ಕಟ್ಟಕಡೆಗೆ ಅಡಿಪಾಯ.
ಕಟ್ಟಿದವರು ನೋಡಿದ್ದರೆ ನಗುತ್ತಿದ್ದರು,
ಮೇಲಿಂದ ಕೆಳಕ್ಕೆ ಯಾರಾದರೂ ಗುಡಿ ಕಟ್ಟುತ್ತಾರೆಯೇ!

ಮೂಲ ಒಂದು ಗಾಜಿನ ತಟ್ಟೆ,
ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ
ಹಳೆಯ ಪತ್ರಿಕೆ ಹೊದ್ದು ಬಂದದ್ದು.
ಮೂಲೆಯಲ್ಲೊಂದು ಬಿರುಕು. ಭೂಕಂಪದ್ದಲ್ಲ,
ನನ್ನ ದೊಡ್ಡಮ್ಮ ದೋ ಮ್ಯ ಶ್ವೇ ಕೈಜಾರಿಸಿದ್ದು.
ಅಂಚಿನಲ್ಲಿ ಇಂಗ್ಲಿಷಿನ ಓರೆ ಅಕ್ಷರ:
'ಪಡುವಣ ಮುಖ. ಒಬ್ಬ ಸ್ಥಳೀಯ, ಅಳತೆಗಾಗಿ.'

ಬಾಗಿಲ ಬಲಕ್ಕೆ ನಿಂತಿದ್ದಾನೆ
ಲೋಂಜಿ ಎತ್ತಿ ಕಟ್ಟಿ, ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ.
ಗುಡಿ ಅವನ ಇಪ್ಪತ್ತರಷ್ಟು ಎತ್ತರ ಅಂತ
ಯಾರೋ ಲೆಕ್ಕ ಹಾಕಿ ಬರೆದುಕೊಂಡಿರಬೇಕು.
ಅವನು ಎಷ್ಟು ಎತ್ತರ ಅಂತ
ಬರೆದುಕೊಂಡಂತಿಲ್ಲ.

ಆ ಕಾಲದ ಕ್ಯಾಮೆರಾಕ್ಕೆ ಕಣ್ಣು ನಿಧಾನ,
ನಿಂತದ್ದು ಮಾತ್ರ ಕಾಣುತ್ತಿತ್ತು.
ಅಂಗಳದಲ್ಲಿ ಹಾದುಹೋದ ಎತ್ತಿನ ಗಾಡಿ ಇಲ್ಲ,
ಅದರ ಧೂಳು ಇದೆ.
ನಾಯಿಯೊಂದಕ್ಕೆ ನಾಲ್ಕು ಕಾಲು, ತಲೆಯಿಲ್ಲ.
ಗುಡಿಸಿದವರಿಲ್ಲ; ಕಸಬರಿಕೆಯ ಗೀರು
ಮರಳ ಮೇಲೆ ಸಾಲು ಸಾಲಾಗಿ, ಈಗ ತಾನೇ ಎಳೆದ ಹಾಗೆ.
ಎಲ್ಲವೂ ಅನಿತ್ಯ ಎಂದು ವಿಹಾರದಲ್ಲಿ
ನಾವು ವರುಷಗಟ್ಟಲೆ ಕುಳಿತು ಕೇಳಿದ್ದನ್ನು
ಈ ಗಾಜು ಎಂಟು ಎಣಿಸುವುದರೊಳಗೆ ಕಲಿತಿತ್ತು.
ಇವನೊಬ್ಬ ಉಸಿರು ಬಿಗಿಹಿಡಿದು ಉಳಿದ.
ಪೂರ್ತಿ ಅಲ್ಲ, ಮುಖ ಸ್ವಲ್ಪ ಕದಲಿದೆ.
ನೊಣವೋ, ಸೀನೋ, ಆಚೆಯಿಂದ ಯಾರಾದರೂ ಕರೆದರೋ.

ಐರಾವತಿ ದಂಡೆಯ ಹೊಸ ಹೋಟೆಲಿನವರು
ಇಪ್ಪತ್ತನಾಲ್ಕು ಕೋಣೆಗೆ ಇಪ್ಪತ್ತನಾಲ್ಕು ಪ್ರತಿ ಕೇಳಿದರು.
ಮ್ಯಾನೇಜರ್ ಚಾ ಸ್ವಾ ಫೋನಿನಲ್ಲಿ:
"ಇನ್ನೂ ಸ್ವಲ್ಪ ಹಳತು ಮಾಡಿ ಅಕ್ಕಾ,
ಚಹಾದ ಬಣ್ಣ ಬರಲಿ.
ಮತ್ತೆ ಆ ಮನುಷ್ಯ ಬೇಡ.
ಅತಿಥಿಗಳಿಗೆ ಪ್ರಶಾಂತತೆ ಬೇಕು."

ಎರಡು ತಿಂಗಳ ಬಾಡಿಗೆ ಬಾಕಿ. ಅಳಿಸಿದೆ.

ಅವನ ಬೆನ್ನ ಹಿಂದೆ ಏನಿತ್ತೆಂದು ಯಾರಿಗೆ ಗೊತ್ತು?
ಪಕ್ಕದ ಗೋಡೆಯಿಂದ ಇಟ್ಟಿಗೆ ಕದ್ದು
ಒಂದೊಂದಾಗಿ ಇಟ್ಟೆ: ಹೆಗಲಿಗೆ ಆರು,
ಮೊಣಕಾಲಿಗೆ ಎರಡು,
ಮುಖಕ್ಕೆ ಒಂದೇ ಸಾಕಾಯಿತು.
ದೊಡ್ಡಮ್ಮ ಹಿಂದೆ ನಿಂತು ನೋಡುತ್ತಿದ್ದಳು,
ಕೆನ್ನೆಯ ತನಖಾ ಒಣಗಿ ಗದ್ದೆಯಂತೆ ಬಿರಿದಿತ್ತು.
"ಗುಡಿಗೆ ಇಟ್ಟಿಗೆ ಇಟ್ಟರೆ ಪುಣ್ಯ ಅಂತಾರೆ.
ಇದು ಯಾವ ಖಾತೆಗೋ."
ಅಷ್ಟೇ ಅಂದು ಅಕ್ಕಿ ಆರಿಸಲು ಹೋದಳು.

ಇಪ್ಪತ್ತನಾಲ್ಕೂ ಒಣಗಿ, ಚೌಕಟ್ಟು ಕೂತು,
ರಾತ್ರಿ ಬಸ್ಸು ಹತ್ತಿ ಹೋದ ಮೇಲೆ ಕಂಡಿತು:
ನೆರಳು ಹಾಗೇ ಇದೆ.
ಯಾರದೂ ಅಲ್ಲದ ಪಾದದಿಂದ ಶುರುವಾಗಿ
ಮೆಟ್ಟಿಲೇರಿ, ಹೊಸ್ತಿಲಲ್ಲಿ ಮುರಿದು,
ಬಾಗಿಲೊಳಕ್ಕೆ ಅರ್ಧ ಹೋಗಿರುವ ನೆರಳು.
ಇಷ್ಟು ದಿನ ಅದು ಗುಡಿಯದೇ ಅಂದುಕೊಂಡಿದ್ದೆ.
ನೆರಳಿಟ್ಟುಕೊಂಡು ಎತ್ತರ ಲೆಕ್ಕ ಹಾಕಬಹುದಂತೆ
ಹೊತ್ತು ಎಷ್ಟೆಂದು ಗೊತ್ತಿದ್ದರೆ.
ಗಾಜಿನ ಅಂಚನ್ನು ಮತ್ತೆ ದೀಪಕ್ಕೆ ಹಿಡಿದೆ.
ಹೊತ್ತೂ ಬರೆದಿಲ್ಲ.

ಹೋಟೆಲಿನಿಂದ ದೂರು ಬರಲಿಲ್ಲ. ದುಡ್ಡು ಬಂತು.

ಅವನಿರುವ ಮೊದಲ ಕರಡು ಪ್ರತಿ
ಸ್ವಿಚ್ ಬೋರ್ಡಿನ ಪಕ್ಕ ಗುಂಡುಪಿನ್ನಿನಲ್ಲಿದೆ,
ಮೇಲುಗಡೆ ಶಾಯಿ ಹರಿದು ಆಕಾಶ ಕೆಟ್ಟದ್ದು.
ನಿನ್ನೆ ಕರೆಂಟು ಹೋದಾಗ ದೊಡ್ಡಮ್ಮ ಮೇಣದಬತ್ತಿ ತಂದು
ಹೆಬ್ಬೆರಳನ್ನು ಅವನ ಪಕ್ಕ ಹಿಡಿದಳು.
"ನನ್ನ ಉಗುರಿನಷ್ಟಿದ್ದಾನೆ," ಅಂದಳು.
ತುಸು ತಡೆದು,
"ಬಿಸಿಲಲ್ಲಿ ನಿಲ್ಲಿಸಿದ್ದಕ್ಕೆ ಕೂಲಿ ಕೊಟ್ಟರಂತಾ?"

ನಾನು ಬಾಯಿ ತೆರೆಯುವ ಮೊದಲೇ
ದೀಪ ಬಂತು. ಯಂತ್ರ ಕೆಮ್ಮಿ ಎದ್ದು
ಅರ್ಧಕ್ಕೆ ಬಿಟ್ಟ ಗುಡಿಯನ್ನು
ಮತ್ತೆ ಛತ್ರಿಯಿಂದ ಶುರುಮಾಡಿತು.