ಗುರುತು ಸಿಗದ ಸದ್ದು

ಎರ್ಸೀಲಿಯಾಗೆ ಕಿವಿ ಕೇಳುವುದು ನಿಂತು ನಲವತ್ತು ವರ್ಷ.
ಈ ಚಳಿಗಾಲ ತಂಗಿ ಕಳಿಸಿದ ಕೈಗಡಿಯಾರ
ಈಗ ಅವಳ ಪರವಾಗಿ ಕೇಳುತ್ತದೆ:
ಮಣಿಕಟ್ಟಿನಲ್ಲಿ ಒಮ್ಮೆ ನಡುಗಿದರೆ ಕರೆಗಂಟೆ,
ಎರಡು ಸಲ, ಒಲೆಯ ಮೇಲಿನ ಕೆಟಲು,
ಮೂರಾದರೆ ನಾಯಿ. ಯಾವ ನಾಯಿ ಎಂದು ಹೇಳುವುದಿಲ್ಲ;
ವಾಲ್ಪರೈಸೋದ ಈ ಗುಡ್ಡದಲ್ಲಿ
ಮನುಷ್ಯರಿಗಿಂತ ನಾಯಿಗಳೇ ಹೆಚ್ಚು.

ಅದನ್ನು ಹೊಂದಿಸಿಕೊಟ್ಟವನು ನಾನೇ,
ಮೇಲಿನ ಮಹಡಿಯ ಬೌದಿಲಿಯೊ,
ಬಂದರಿನಲ್ಲಿ ರಾತ್ರಿಪಾಳಿಯ ಕ್ರೇನಿನವನು.
ಬಾಗಿಲಿಗೆ, ಕಿಟಕಿಗೆ, ನಲ್ಲಿಗೆ ಒಂದೊಂದು ಬಿಲ್ಲೆ ಅಂಟಿಸಿ
"ಇನ್ನು ಹೆದರಬೇಡ, ಮನೆಗೇ ಕಿವಿ ಬಂತು" ಎಂದು
ತುಟಿ ಬಿಡಿಸಿ ಬಿಡಿಸಿ ಹೇಳಿದ್ದೆ.
ಅವಳು ನಕ್ಕಳು: "ಗೋಡೆಗೆ ಮೊದಲೇ ಇತ್ತಲ್ಲ."

ಎರಡನೇ ವಾರ ಶುರುವಾಯಿತು.
ಮಧ್ಯಾಹ್ನ ನಾಲ್ಕಕ್ಕೆ, ದಿನಾ,
ಪುಟ್ಟ ಗಾಜಿನ ಮೇಲೆ ಒಂದೇ ಸಾಲು:
'ಗುರುತು ಸಿಗದ ಸದ್ದು. ಹೆಸರಿಡುವಿರಾ?'

ಹೊಲಿಗೆ ಬಿಟ್ಟು ಎದ್ದಳು. ಯಂತ್ರ ನಿಲ್ಲಿಸಿ ನೋಡಿದಳು.
ಕೊಳಾಯಿಗೆ ಅಂಗೈ ಒತ್ತಿ, ತಗಡಿನ ಗೋಡೆಗೆ ಕೆನ್ನೆ ಒತ್ತಿ,
ಮಂಚದಡಿ ಪೊರಕೆ ಆಡಿಸಿ,
ಗ್ಯಾಸಿನವನನ್ನು ಕರೆಸಿ ದುಡ್ಡು ದಂಡ ಮಾಡಿ.
ಎದ್ದು ಹುಡುಕಿದರೆ ಸದ್ದಿಲ್ಲ,
ಕೂತು ಸೂಜಿಗೆ ದಾರ ಪೋಣಿಸಿದರೆ ಮತ್ತೆ ಹಾಜರು.

ಹೇಳಿದವಳು ನನ್ನ ಮಗಳು ಯಾಸ್ನಾ, ಒಂಬತ್ತರ ಪೋರಿ.
ಗುಂಡಿ ಹಾಕಿಸಲು ಶಾಲೆಯ ಕೋಟು ತಂದವಳು
ಬೆರಳು ತೋರಿಸಿದಳು, ನೇರ ಗಂಟಲಿಗೆ:
"ನೀನೇ ಅಜ್ಜಿ. ದಿನಾ ಗುನುಗುತ್ತೀಯಲ್ಲ.
ಗೊತ್ತಿರಲಿಲ್ಲವಾ?"

ಎರ್ಸೀಲಿಯಾ ತುಟಿ ಹೊಲಿದುಕೊಂಡಳು.
ಬಾಯಿತುಂಬ ಗುಂಡುಸೂಜಿ ಕಚ್ಚಿ ಕೂತಳು, ಮೂರು ದಿನ.
ನಾಲ್ಕಕ್ಕೆ ಮಣಿಕಟ್ಟು ತಣ್ಣಗೆ.
ಮೇಲೆ ನಾನು ಸತ್ತಂಥ ನಿದ್ದೆ.
ಮೂರೂ ದಿನ ಪಾಳಿಗೆ ತಡ, ಮೂರೂ ದಿನ ಕೂಲಿಗೆ ಕತ್ತರಿ.
ಎರಡನೇ ದಿನ ಫೋನಿನಲ್ಲಿ ಅಲಾರಂ ಇಟ್ಟೆ;
ಅದು ಪಕ್ಕದ ಮನೆಯವರಿಗೆ ಕೇಳಿತಂತೆ.
ಇಷ್ಟು ವರ್ಷ ನಾನು ಏಳುತ್ತಿದ್ದದ್ದು ಯಾವುದಕ್ಕೆಂದು
ನನಗೂ ಆಗಲೇ ತಿಳಿದದ್ದು.

ಇಳಿದು ಹೋಗಿ ರಸೀದಿಯ ಹಿಂದೆ ಬರೆದುಕೊಟ್ಟೆ:
'ರಾಗ ಸರಿಯಿಲ್ಲ. ತಾಳವಂತೂ ಇಲ್ಲವೇ ಇಲ್ಲ.
ಆದರೆ ನನ್ನ ಕೆಲಸ ಹೋಗುತ್ತದೆ.'
ಓದಿದಳು. ಕನ್ನಡಕ ಒರೆಸಿ ಇನ್ನೊಮ್ಮೆ ಓದಿದಳು.
ಸೂಜಿದಿಂಬಿಗೆ ರಸೀದಿ ಚುಚ್ಚಿಟ್ಟಳು. ಏನೂ ಹೇಳಲಿಲ್ಲ.

ಮರುದಿನ ಯಾರದೋ ಪರದೆಯ ಅಂಚು ಮಡಚುತ್ತ
ಮರೆತಿರಬೇಕು. ನನಗೆ ಎಚ್ಚರವಾಯಿತು.
ಬೂಟು ಕೈಯಲ್ಲಿ ಹಿಡಿದು ಮೆಟ್ಟಿಲಿಳಿಯುವಾಗ
ತೆರೆದ ಬಾಗಿಲಲ್ಲಿ ಕಂಡೆ:
ಮಣಿಕಟ್ಟಿನ ಮೇಲೆ ಬೆಳಕು, 'ಹೆಸರಿಡುವಿರಾ?'
ಎರಡೂ ಕೈ ಬಟ್ಟೆಯೊಳಗೆ.
ಕೇಳಲಿ ಬಿಡು ಎಂಬಂತೆ
ಹಲ್ಲಿನಿಂದಲೇ ಸ್ವೆಟರಿನ ತೋಳೆಳೆದು
ಅದರ ಮೇಲೆ ಮುಚ್ಚಿದಳು.